ಲಾರಿಗೆ ಎಂತಹ ಕೀಲೆಣ್ಣೆ ಹಾಕಬೇಕು?

ಡೀಸೆಲ್ ವಿಷಯದಲ್ಲಿ ನಮ್ಮ ಗಡಿನಾಡಿನ ಲಾರಿ ಮಾಲೀಕರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಂಧ್ರದ ಬಂಕಿಗಿಂತ ಕರ್ನಾಟಕದ ಬಂಕಿನಲ್ಲಿ ದರ ಕಡಿಮೆಯೆಂದು ತಿಳಿದವರಾಗಿ, ರಾಯದುರ್ಗದವರು ಮೊಳಕಾಲ್ಮೂರು, ಬಳ್ಳಾರಿಗಳ ಕಡೆಗೆ ಹೋದಾಗ, ಮಡಕಶಿರಾದವರು ಪಾವಗಡ, ಶಿರಾಗಳ ಕಡೆಗೆ ಹೋದಾಗ, ಟ್ಯಾಂಕು ತುಂಬಿಸಿಕೊಂಡೇ ಹಿಂದಿರುಗುತ್ತಾರೆ. ಲೀಟರಿಗೆ ಎಷ್ಟು ಉಳಿಯಿತೆಂಬ ಲೆಕ್ಕ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಅದೇ ಮಾಲೀಕರು ಇಂಜಿನಿಗೆ ಹಾಕುವ ಕೀಲೆಣ್ಣೆಯನ್ನು, ಅಂದರೆ ಇಂಜಿನ್ ಆಯಿಲನ್ನು, ಕೊಳ್ಳುವಾಗ ಡಬ್ಬದ ಮೇಲೆ ಏನು ಬರೆದಿದೆಯೆಂದು ನೋಡುವುದು ಅಪರೂಪ. ಅಂಗಡಿಯವರು ಕೊಟ್ಟದ್ದು, ಮೇಸ್ತ್ರಿ ಹೇಳಿದ್ದು, ಪಕ್ಕದ ಮನೆಯ ಲಾರಿಗೆ ಹಾಕಿದ್ದು, ಇವುಗಳಲ್ಲಿ ಯಾವುದೋ ಒಂದು ಇಂಜಿನಿನ ಹೊಟ್ಟೆ ಸೇರುತ್ತದೆ.

ಇದರಲ್ಲಿ ತಪ್ಪು ಮಾಲೀಕರದೊಂದೇ ಅಲ್ಲ. ಡಬ್ಬದ ಮೇಲಿನ ಬರೆಹವೆಲ್ಲ ಇಂಗ್ಲಿಷಿನಲ್ಲಿ. ಅಂಗಡಿಯ ಮಾತು, ಇಲಾಖೆಯ ತಿಳಿವಳಿಕೆ ಪತ್ರ ತೆಲುಗಿನಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ ರಾಯದುರ್ಗ ಸೀಮೆಯವರಿಗಾಗಲಿ, ಅದಕ್ಕೂ ಮುಂಚಿನಿಂದ ಅನಂತಪುರ ಜಿಲ್ಲೆಯಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಸೀಮೆಯವರಿಗಾಗಲಿ, ಯಂತ್ರದ ವಿಚಾರವನ್ನು ಕನ್ನಡದಲ್ಲಿ ಕುಳಿತು ಬಿಡಿಸಿ ಹೇಳುವವರು ಕಡಿಮೆ. ಶೇಂಗಾ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಅನೇಕ ರೈತ ಕುಟುಂಬಗಳು ಸಾಲ ಮಾಡಿ ಲಾರಿ ಕೊಂಡಿವೆ. ಅಣ್ಣತಮ್ಮಂದಿರು ಸೇರಿ ಎರಡು ಮೂರು ಗಾಡಿ ಮಾಡಿಕೊಂಡವರೂ ಉಂಟು. ಇಂತಹ ಮನೆಯಲ್ಲಿ ಒಂದು ಇಂಜಿನು ಹಿಡಿದುಕೊಂಡು ನಿಂತಿತೆಂದರೆ ದುರಸ್ತಿಯ ಖರ್ಚು ಒಂದು ಕಡೆ, ಬಾಡಿಗೆ ನಿಂತ ನಷ್ಟ ಇನ್ನೊಂದು ಕಡೆ. ತಿಂಗಳ ಕಂತು ಮಾತ್ರ ನಿಲ್ಲುವುದಿಲ್ಲ. ಆದಕಾರಣ ಈ ವಾರ ಕೀಲೆಣ್ಣೆಯ ಆಯ್ಕೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಎತ್ತಿನ ಗಾಡಿಯ ಅಚ್ಚಿಗೆ ಸವರುವ ಎಣ್ಣೆಗೆ ಒಂದೇ ಕೆಲಸ, ಉಜ್ಜಾಟ ತಪ್ಪಿಸುವುದು. ಇಂಜಿನಿನ ಕೀಲೆಣ್ಣೆಗೆ ಹಲವು ಕೆಲಸ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ, ಪಿಸ್ಟನ್ ರಿಂಗಿಗೂ ಲೈನರಿಗೂ ನಡುವೆ, ತೆಳುವಾದ ಪದರವಾಗಿ ನಿಂತು ಕಬ್ಬಿಣ ಕಬ್ಬಿಣವನ್ನು ಮುಟ್ಟದಂತೆ ನೋಡಿಕೊಳ್ಳುತ್ತದೆ. ನೀರು ತಲುಪದ ಜಾಗಗಳ ಕಾವನ್ನು ಹೊತ್ತು ತರುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ತನ್ನಲ್ಲಿ ಕರಗಿಸಿಕೊಂಡಂತೆ ಹಿಡಿದುಕೊಂಡು, ಅದು ಗೋಡೆಗೆ ಅಂಟದಂತೆ ತಡೆಯುತ್ತದೆ. ಡೀಸೆಲಿನಲ್ಲಿರುವ ಗಂಧಕದಿಂದ ಹುಟ್ಟುವ ಆಮ್ಲವನ್ನು ಮುರಿಯುತ್ತದೆ. ಇವೆಲ್ಲಕ್ಕಾಗಿ ಎಣ್ಣೆಗೆ ಹಲವು ಮದ್ದುಗಳನ್ನು ಕಂಪೆನಿಯವರು ಬೆರೆಸಿರುತ್ತಾರೆ. ಈ ಮದ್ದು ತೀರಿದಾಗ ಎಣ್ಣೆ ಸತ್ತಂತೆಯೇ. ನೋಡಲು ಡಬ್ಬದಿಂದ ಬಂದಾಗಿನಂತೆಯೇ ಜಾರುತ್ತಿದ್ದರೂ ಅದು ಕೆಲಸಕ್ಕೆ ಬಾರದು.

ಡಬ್ಬದ ಮೇಲಿನ ಎರಡು ಗುರುತುಗಳು

ಡಬ್ಬದ ಮೇಲೆ ಕಂಪೆನಿಯ ಹೆಸರು, ಕುದುರೆ, ಹುಲಿ, ಬಣ್ಣದ ಚಿತ್ರ, ಏನೇ ಇರಲಿ. ನೋಡತಕ್ಕದ್ದು ಎರಡೇ ಗುರುತು. ಒಂದು ಎಣ್ಣೆಯ ದಪ್ಪವನ್ನು ಹೇಳುವ ಎಸ್.ಎ.ಇ. ಅಂಕಿ. ಇನ್ನೊಂದು ಎಣ್ಣೆಯ ಗುಣಮಟ್ಟವನ್ನು ಹೇಳುವ ಎ.ಪಿ.ಐ. ಗುರುತು.

ಮೊದಲನೆಯದು 15ಡಬ್ಲ್ಯು-40, 20ಡಬ್ಲ್ಯು-40 ಎಂಬ ರೀತಿಯಲ್ಲಿರುತ್ತದೆ. ಇಲ್ಲಿ ನಮ್ಮವರಲ್ಲಿ ಬಹಳ ಜನಕ್ಕೆ ಒಂದು ತಪ್ಪು ಭಾವನೆ ಇದೆ. 15ಕ್ಕಿಂತ 20 ದೊಡ್ಡದು, ಆದ್ದರಿಂದ 20ಡಬ್ಲ್ಯು-40 ಹೆಚ್ಚು ಗಟ್ಟಿ, ನಮ್ಮ ಬೇಸಿಗೆಗೆ ಅದೇ ಒಳ್ಳೆಯದು ಎನ್ನುತ್ತಾರೆ. ಹಾಗಲ್ಲ. ಡಬ್ಲ್ಯು ಎಂಬುದು ಚಳಿಗಾಲವೆನ್ನುವ ಇಂಗ್ಲಿಷ್ ಮಾತಿನ ಮೊದಲ ಅಕ್ಷರ. ಅದರ ಹಿಂದಿನ ಅಂಕಿ ಎಣ್ಣೆ ತಣ್ಣಗಿರುವಾಗ ಎಷ್ಟು ಸಲೀಸಾಗಿ ಹರಿಯುವುದೆಂದು ಹೇಳುತ್ತದೆ. ಅಂಕಿ ಚಿಕ್ಕದಾದಷ್ಟೂ ಬೇಗ ಹರಿಯುವುದು. ಮುಂದಿನ ಅಂಕಿ, 40 ಎಂಬುದು, ಎಣ್ಣೆ 100 ಡಿಗ್ರಿ ಸೆಂಟಿಗ್ರೇಡ್ ಕಾದಾಗ ಉಳಿಯುವ ದಪ್ಪ. 15ಡಬ್ಲ್ಯು-40 ಆಗಲಿ 20ಡಬ್ಲ್ಯು-40 ಆಗಲಿ, ಆ ಕಾವಿನಲ್ಲಿ ಎರಡೂ ಒಂದೇ ಮಿತಿಯೊಳಗಿರಬೇಕು. ಸೆಂಟಿಸ್ಟೋಕ್ಸ್ ಎಂಬ ಅಳತೆಯಲ್ಲಿ 12.5ಕ್ಕೆ ಕಡಿಮೆಯಿಲ್ಲದೆ 16.3ರೊಳಗೆ. ಬಿಸಿಲಿನಲ್ಲಿ ಘಟ್ಟ ಹತ್ತುವಾಗ ಇವೆರಡರಲ್ಲಿ ಒಂದು ಇನ್ನೊಂದಕ್ಕಿಂತ ಗಟ್ಟಿಯಾಗಿರುವುದೆಂಬುದಕ್ಕೆ ಆಧಾರವಿಲ್ಲ. ಬೆಳಗಿನ ಜಾವ ತಣ್ಣಗಿರುವ ಇಂಜಿನನ್ನು ಚಾಲೂ ಮಾಡಿದಾಗ 15ಡಬ್ಲ್ಯು ಎಣ್ಣೆ ಮೇಲಿನ ಭಾಗಗಳಿಗೆ ಸ್ವಲ್ಪ ಮುಂಚೆ ಮುಟ್ಟುತ್ತದೆ, ಅಷ್ಟೆ. ಹಿಮ ಬೀಳದ ನಮ್ಮ ಸೀಮೆಗೆ ಎರಡೂ ನಡೆಯುತ್ತವೆ. ಆದರೂ ಇಂಜಿನು ಹೆಚ್ಚು ಸವೆಯುವುದು ಚಾಲೂ ಆದ ಮೊದಲ ಕ್ಷಣಗಳಲ್ಲೇ ಆದುದರಿಂದ, ಪುಸ್ತಕದಲ್ಲಿ ಎರಡಕ್ಕೂ ಒಪ್ಪಿಗೆಯಿದ್ದರೆ 15ಡಬ್ಲ್ಯು-40 ಮೇಲು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ಗುರುತಿನಲ್ಲಿ ಡೀಸೆಲ್ ಇಂಜಿನಿನ ಎಣ್ಣೆಗೆ ಸಿ ಅಕ್ಷರ ಮೊದಲು ಬರುತ್ತದೆ, ಪೆಟ್ರೋಲಿನದಕ್ಕೆ ಎಸ್ ಅಕ್ಷರ. ಮೋಟಾರು ಸೈಕಲ್ಲಿಗೆ ತಂದ ಎಣ್ಣೆ ಉಳಿದಿದೆಯೆಂದು ಲಾರಿಗೆ ಸುರಿಯಬಾರದು. ಸಿ ಆದ ಮೇಲಿನ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಂತೆ ಮಟ್ಟ ಹೊಸದು. ಸಿ.ಎಫ್.-4 ಬಂದದ್ದು 1990ರಲ್ಲಿ, ಸಿ.ಎಚ್.-4 1998ರಲ್ಲಿ, ಸಿ.ಐ.-4 2002ರಲ್ಲಿ, ಸಿ.ಜೆ.-4 2006ರಲ್ಲಿ, ಸಿ.ಕೆ.-4 2016ರ ಕೊನೆಗೆ. ಅದೇ 2016ರಲ್ಲಿ ಎಫ್.ಎ.-4 ಎಂಬ ಇನ್ನೊಂದು ತೆಳು ಎಣ್ಣೆಯೂ ಹೊರಟಿತು. ಅದು ಅದಕ್ಕೆಂದೇ ಮಾಡಿದ ಹೊಸ ಇಂಜಿನುಗಳಿಗೆ ಮಾತ್ರ; ಪುಸ್ತಕದಲ್ಲಿ ಹೆಸರಿಸಿ ಹೇಳಿರದಿದ್ದರೆ ಅದರ ತಂಟೆಗೆ ಹೋಗತಕ್ಕದ್ದಲ್ಲ.

ಈ ಎರಡು ಗುರುತುಗಳೂ ಇಂಜಿನಿನ ಜತೆ ಬಂದ ಪುಸ್ತಕದಲ್ಲಿ ಬರೆದಿರುವುದಕ್ಕೆ ಹೊಂದಿದರೆ, ಇಂಡಿಯನ್ ಆಯಿಲಿನ ಸರ್ವೋ ಆಗಲಿ, ಹಿಂದೂಸ್ತಾನ್ ಪೆಟ್ರೋಲಿಯಮ್ಮಿನ ಮಿಲ್ಸಿ ಆಗಲಿ, ಭಾರತ್ ಪೆಟ್ರೋಲಿಯಮ್ಮಿನ ಮ್ಯಾಕ್ ಆಗಲಿ, ಖಾಸಗಿ ಕಂಪೆನಿಯದಾಗಲಿ, ಯಾವುದನ್ನು ಕೊಂಡರೂ ಸರಿಯೆ. ಹೆಸರಿಗೆ ಜಗಳವಾಡಬೇಕಾಗಿಲ್ಲ. ಒಂದೇ ಕಂಪೆನಿಯ ಒಂದೇ ಹೆಸರಿನ ಎಣ್ಣೆಯಲ್ಲೂ ಮೂರು ನಾಲ್ಕು ಮಟ್ಟಗಳಿರುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. “ಹೋದ ಸಲ ಕೊಟ್ಟಿದ್ರಲ್ಲ, ಅದೇ ಕೊಡ್ರಿ” ಎಂದು ಕೇಳುವ ಬದಲು ಗುರುತು ಹೇಳಿ ಕೇಳುವುದು ಒಳ್ಳೆಯದು.

ದಪ್ಪ ಎಣ್ಣೆಯ ಭ್ರಮೆ

ಹಳೆಯ ಗಾಡಿ ಹೊಗೆ ಬಿಡಲಾರಂಭಿಸಿದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು, “ಮೇಸ್ತ್ರಿ, ಒಂದೀಟು ದಪ್ಪನ ಆಯಿಲ್ ಹಾಕ್ರಿ.” 40ರ ಜಾಗಕ್ಕೆ 50 ಬರುತ್ತದೆ. ಹೊಗೆ ನಾಲ್ಕು ದಿನ ಕಡಿಮೆಯಾದಂತೆ ತೋರುತ್ತದೆ. ಆದರೆ ನೀಲಿ ಛಾಯೆಯ ಹೊಗೆ ಬರುವುದು ರಿಂಗು ಅಥವಾ ವಾಲ್ವಿನ ಕಡೆ ಸವೆದು ಕೀಲೆಣ್ಣೆ ಉರಿಯುತ್ತಿರುವುದರಿಂದ. ದಪ್ಪ ಎಣ್ಣೆ ಸವೆತವನ್ನು ವಾಸಿ ಮಾಡದು, ಮುಚ್ಚಿಡುವುದು ಮಾತ್ರ. ಕಪ್ಪು ಹೊಗೆ ಬಂದರಂತೂ ಕೀಲೆಣ್ಣೆಗೆ ಸಂಬಂಧವೇ ಇಲ್ಲದೆ ಇರಬಹುದು. ಗಾಳಿ ಸಾಲದು, ಇಲ್ಲವೆ ಇಂಜೆಕ್ಟರು ಹೆಚ್ಚು ಡೀಸೆಲ್ ಬಿಡುತ್ತಿದೆ ಎಂದು ಅರ್ಥ.

ಇತ್ತ ದಪ್ಪ ಎಣ್ಣೆಯಿಂದಾಗುವ ಕೇಡು ಕಣ್ಣಿಗೆ ಕಾಣುವುದಿಲ್ಲ. ಎಣ್ಣೆ ಮೇಲೆ ಹತ್ತಲು ತಡವಾಗುತ್ತದೆ. ಅದನ್ನು ತಳ್ಳಲು ಇಂಜಿನಿನ ಬಲವೂ ಡೀಸೆಲೂ ಖರ್ಚಾಗುತ್ತವೆ. ಟರ್ಬೊ ಇರುವ ಇಂಜಿನಿನಲ್ಲಿ ಅಪಾಯ ಇನ್ನೂ ಹೆಚ್ಚು. ಟರ್ಬೊದ ಅಚ್ಚು ನಿಮಿಷಕ್ಕೆ ಲಕ್ಷದ ಸುಮಾರಿನಲ್ಲಿ ಸುತ್ತುತ್ತದೆ, ಅದು ತೇಲುತ್ತಿರುವುದು ಕೀಲೆಣ್ಣೆಯ ಪದರದ ಮೇಲೆಯೇ. ಎಣ್ಣೆ ಬರುವುದು ಕ್ಷಣ ತಡವಾದರೂ ಅದಕ್ಕೆ ಪೆಟ್ಟು. ಹಾಗೆಯೇ ಭಾರ ಎಳೆದುಕೊಂಡು ಬಂದ ಲಾರಿಯನ್ನು ನಿಲ್ಲಿಸಿದೊಡನೆ ಇಂಜಿನು ಆರಿಸಿದರೆ, ಕಾದ ಟರ್ಬೊದಲ್ಲಿ ಉಳಿದ ಎಣ್ಣೆ ಸುಟ್ಟು ಕರಿಯಾಗಿ ಅಂಟುತ್ತದೆ. ಒಂದೆರಡು ನಿಮಿಷ ನಿಧಾನದಲ್ಲಿ ಓಡಿಸಿ ಆಮೇಲೆ ಆರಿಸುವುದು ಕ್ಷೇಮ. ಅಂಗಡಿಯಲ್ಲಿ ಚಿಕ್ಕ ಬಾಟಲಿಗಳಲ್ಲಿ ಮಾರುವ, ಎಣ್ಣೆಗೆ ಬೆರೆಸಿದರೆ ಇಂಜಿನು ಹೊಸದಾಗುವುದೆನ್ನುವ ಔಷಧಿಗಳ ವಿಚಾರವಾಗಿ ನಮ್ಮ ಸಲಹೆ ಕೇಳಿದರೆ, ಆ ದುಡ್ಡಿಗೆ ಒಂದು ಒಳ್ಳೆಯ ಆಯಿಲ್ ಫಿಲ್ಟರ್ ಕೊಳ್ಳಿರಿ ಎನ್ನುತ್ತೇವೆ.

ಇನ್ನೊಂದು ಭ್ರಮೆ ಬಣ್ಣದ್ದು. ಹೊಸ ಎಣ್ಣೆ ಹಾಕಿ ಎರಡು ದಿನಕ್ಕೇ ಕಪ್ಪಾಯಿತು, ನಕಲಿ ಮಾಲು ಕೊಟ್ಟರು ಎಂದು ಅಂಗಡಿಯ ಮುಂದೆ ಗಲಾಟೆ ಮಾಡುವವರಿದ್ದಾರೆ. ಡೀಸೆಲ್ ಇಂಜಿನಿನಲ್ಲಿ ಎಣ್ಣೆ ಕಪ್ಪಾಗುವುದು ಅದು ಮಸಿಯನ್ನು ಹಿಡಿದುಕೊಳ್ಳುತ್ತಿದೆ ಎಂಬುದರ ಗುರುತು. ಬಹಳ ದಿನ ಓಡಿಸಿದರೂ ಎಣ್ಣೆ ತಿಳಿಯಾಗಿಯೇ ಉಳಿದಿದ್ದರೆ ಅದು ಸಂತೋಷಪಡುವ ವಿಷಯವೇನಲ್ಲ. ಮಸಿ ಎಲ್ಲೋ ಒಳಗೆ ಅಂಟಿಕೊಂಡು ಕೂತಿರಬಹುದು.

ಎಣ್ಣೆಯ ಸ್ಥಿತಿಯನ್ನು ಮನೆಯಲ್ಲೇ ನೋಡಲು ಒಂದು ಸುಲಭ ಉಪಾಯವಿದೆ. ಇಂಜಿನು ಬಿಸಿಯಾಗಿರುವಾಗ ಅಳತೆ ಕಡ್ಡಿಯ ತುದಿಯಿಂದ ಒಂದು ತೊಟ್ಟನ್ನು ಒತ್ತುಕಾಗದದ ಮೇಲೆ ಬಿಟ್ಟು, ಗಾಳಿ ಧೂಳು ತಾಗದಂತೆ ಕೆಲವು ಗಂಟೆ ಇಡಬೇಕು. ತೊಟ್ಟು ಹರಡಿ, ನಡುವಿನಿಂದ ಅಂಚಿನವರೆಗೆ ಬೂದುಬಣ್ಣ ಸಮನಾಗಿ ಇಳಿಯುತ್ತ ಹೋಗಿದ್ದರೆ ಎಣ್ಣೆಯಲ್ಲಿ ಇನ್ನೂ ಸತ್ವವಿದೆ. ನಡುವೆ ಕಾಡಿಗೆಯಂತಹ ಬೊಟ್ಟು ಗಟ್ಟಿಯಾಗಿ ನಿಂತು, ಸುತ್ತ ಬರಿಯ ಎಣ್ಣೆಯ ಉಂಗುರವಿದ್ದರೆ ಮಸಿಯನ್ನು ಹೊರುವ ಶಕ್ತಿ ತೀರಿದೆ, ಬದಲಾಯಿಸತಕ್ಕದ್ದು. ಇದು ಪ್ರಯೋಗಶಾಲೆಯ ಪರೀಕ್ಷೆಗೆ ಸಮವಲ್ಲ. ಆದರೂ ತಿಂಗಳಿಗೊಂದು ತೊಟ್ಟನ್ನು ಅದೇ ಕಾಗದದ ಮೇಲೆ ತಾರೀಖು ಹಾಕಿ ಬಿಡುತ್ತಾ ಬಂದರೆ ನಿಮ್ಮ ಇಂಜಿನಿನ ಸ್ವಭಾವ ನಿಮಗೇ ಗೊತ್ತಾಗುವುದು.

ಕಡ್ಡಿಯನ್ನು ನೋಡುವಾಗ ಇನ್ನೆರಡು ಸಂಗತಿ ಗಮನಿಸಬೇಕು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗೆ ಕದಡಿದ್ದರೆ ಒಳಗೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಎಣ್ಣೆ ಹಾಕದಿದ್ದರೂ ಮಟ್ಟ ಏರಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂದರೆ ಇಂಜೆಕ್ಟರಿನ ಕಡೆಯಿಂದ ಡೀಸೆಲ್ ಇಳಿಯುತ್ತಿದೆ. ಮಟ್ಟ ಏರಿತೆಂದು ಹಿಗ್ಗಿ ಹಾಗೇ ಓಡಿಸಿದರೆ ಬೇರಿಂಗು ಹೋಗುವುದು. ಈ ಎರಡರಲ್ಲಿ ಯಾವುದಾದರೂ ಕಂಡ ಮೇಲೆ ಲಾರಿಯನ್ನು ಬಾಡಿಗೆಗೆ ಕಳಿಸಕೂಡದು.

ಒಂದೇ ಮನೆಯಲ್ಲಿ ಹಳೆಯದೂ ಹೊಸದೂ

ಈಗ ನಿಜವಾದ ತೊಡಕಿನ ಪ್ರಶ್ನೆಗೆ ಬರೋಣ. ಅಮರಾಪುರದ ಕಡೆಯೋ ಡಿ. ಹಿರೇಹಾಳಿನ ಕಡೆಯೋ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಂಗಳದಲ್ಲಿ ಹತ್ತು ಹನ್ನೆರಡು ವರ್ಷದ ಹಳೆಯ ಲಾರಿ ಒಂದು, 2020ರ ನಂತರ ಕೊಂಡ ಹೊಸ ಲಾರಿ ಒಂದು, ಒಂದು ಟ್ರ್ಯಾಕ್ಟರು, ತೋಟದಲ್ಲಿ ಕರೆಂಟು ಹೋದಾಗ ಓಡಿಸುವ ಡೀಸೆಲ್ ಪಂಪು. ಷೆಡ್ಡಿನಲ್ಲಿ ಒಂದು ಪೀಪಾಯಿ ಎಣ್ಣೆ. ಎಲ್ಲಕ್ಕೂ ಅದೊಂದನ್ನೇ ಹಾಕಬಹುದೆ?

ಉತ್ತರ ಹೇಳುವ ಮೊದಲು 2020ರ ಏಪ್ರಿಲ್ 1ರಂದು ಆದ ಬದಲಾವಣೆ ತಿಳಿದಿರಬೇಕು. ಅಂದಿನಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದಿತು. ಡೀಸೆಲಿನಲ್ಲಿ ಗಂಧಕದ ಮಿತಿ, 2010ರ ಸ್ಟೇಜ್ 3ರಲ್ಲಿ ಹತ್ತು ಲಕ್ಷಕ್ಕೆ 350 ಭಾಗವಿದ್ದದ್ದು, 2017ರ ಸ್ಟೇಜ್ 4ರಲ್ಲಿ 50 ಆಗಿ, ಸ್ಟೇಜ್ 6ರಲ್ಲಿ 10ಕ್ಕೆ ಇಳಿಯಿತು. ಹೊಸ ಡೀಸೆಲ್ ಗಾಡಿಗಳ ಹೊಗೆ ಕೊಳವೆಯ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿಯಂತಹ ಪೆಟ್ಟಿಗೆಯನ್ನು ಇಟ್ಟಿರುತ್ತಾರೆ, ಇದಕ್ಕೆ ಡಿ.ಪಿ.ಎಫ್. ಎಂದು ಹೆಸರು. ಇದರಲ್ಲಿ ಕೂಡಿದ ಮಸಿಯನ್ನು ಇಂಜಿನು ತಾನೇ ಆಗಾಗ ಕಾಯಿಸಿ ಸುಟ್ಟುಕೊಳ್ಳುತ್ತದೆ.

ಆದರೆ ಬೂದಿಯನ್ನು ಸುಡಲು ಸಾಧ್ಯವೆ? ಒಲೆಯಲ್ಲಿ ಸೌದೆ ಉರಿದು ಹೋದರೂ ಬೂದಿ ಉಳಿಯುವಂತೆ, ಕೀಲೆಣ್ಣೆಯಲ್ಲಿ ಬೆರೆಸಿದ ಲೋಹದ ಅಂಶವುಳ್ಳ ಮದ್ದುಗಳು ಸ್ವಲ್ಪ ಸ್ವಲ್ಪವೇ ಉರಿದು ಬೂದಿಯಾಗಿ ಈ ಜಾಲರಿಯಲ್ಲಿ ಕೂರುತ್ತವೆ. ಅದನ್ನು ಬಿಚ್ಚಿ ಶುಚಿ ಮಾಡಿಸಬೇಕು, ಇಲ್ಲವೆ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ದೊಡ್ಡ ಲಾರಿಯಲ್ಲಿ ಅದು ಸಣ್ಣ ಖರ್ಚಲ್ಲ. ಸಿ.ಜೆ.-4 ಮತ್ತು ಸಿ.ಕೆ.-4 ಎಣ್ಣೆಗಳಲ್ಲಿ ಬೂದಿಯ ಅಂಶ ನೂರಕ್ಕೆ 1 ಭಾಗವನ್ನು ಮೀರಕೂಡದೆಂದು ಮಿತಿ ಇದೆ. ಸಿ.ಐ.-4ರಲ್ಲಿ ಆ ಮಿತಿ ಇಲ್ಲ, ಎಷ್ಟೋ ಎಣ್ಣೆಗಳಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಹಳೆಯ ಡೀಸೆಲಿನ ಆಮ್ಲ ಮುರಿಯಲು ಆ ಮದ್ದು ಬೇಕಾಗಿತ್ತು. ಗಂಧಕ ಇಳಿದ ಮೇಲೆ ಅಷ್ಟು ಬೇಕಾಗಿಲ್ಲ. ಕೆಲವು ಹೊಸ ಲಾರಿಗಳ ಪುಸ್ತಕದಲ್ಲಿ ಯೂರೋಪಿನ ಗುರುತನ್ನು ಕೊಟ್ಟಿರುತ್ತಾರೆ. ಅಲ್ಲಿ ಇ-6, ಇ-9 ಎಂದರೆ ಕಡಿಮೆ ಬೂದಿಯ ಎಣ್ಣೆ, ಇ-7 ಎಂದರೆ ಅಲ್ಲ.

ಆದ್ದರಿಂದ ನಿಯಮ ಹೀಗೆ: ಹೊಸ ಲಾರಿಯ ಎಣ್ಣೆ ಹಳೆಯದಕ್ಕೆ ನಡೆಯಬಹುದು, ಹಳೆಯದರ ಎಣ್ಣೆ ಹೊಸದಕ್ಕೆ ನಡೆಯದು. ಸಿ.ಕೆ.-4ನ್ನು ಸಿ.ಎಚ್.-4, ಸಿ.ಐ.-4 ಕೇಳುವ ಇಂಜಿನುಗಳಿಗೂ ಒಗ್ಗುವಂತೆಯೇ ರೂಪಿಸಿದ್ದಾರೆ. ಮೇಲೆ ಹೇಳಿದ ಮನೆಯವರು ಒಂದೇ ಪೀಪಾಯಿ ಇಡುವುದಾದರೆ, ಹೊಸ ಲಾರಿಯ ಪುಸ್ತಕ ಸಿ.ಕೆ.-4 ಮಟ್ಟದ 15ಡಬ್ಲ್ಯು-40 ಹೇಳಿದ್ದರೆ, ಹಳೆಯ ಲಾರಿಯ ಮತ್ತು ಟ್ರ್ಯಾಕ್ಟರಿನ ಪುಸ್ತಕಗಳು 15ಡಬ್ಲ್ಯು-40ಕ್ಕೆ ಒಪ್ಪಿದ್ದರೆ, ಅದನ್ನೇ ಇಡಲಿ.

ಖರ್ಚು ಹೆಚ್ಚಾಗದೆ ಎಂದು ಕೇಳುತ್ತೀರಿ. ಆಗುತ್ತದೆ. ಸಿ.ಐ.-4ಕ್ಕೂ ಸಿ.ಕೆ.-4ಕ್ಕೂ ಲೀಟರಿಗೆ 80 ರೂಪಾಯಿ ವ್ಯತ್ಯಾಸವೆಂದೂ ಹಳೆಯ ಲಾರಿಗೆ 14 ಲೀಟರು, ಟ್ರ್ಯಾಕ್ಟರಿಗೆ 8 ಲೀಟರು ಹಿಡಿಯುವುದೆಂದೂ ಇಟ್ಟುಕೊಳ್ಳಿ. ಒಂದು ಸಲ ಬದಲಾಯಿಸಿದರೆ ಲಾರಿಗೆ 1,120, ಟ್ರ್ಯಾಕ್ಟರಿಗೆ 640, ಒಟ್ಟು 1,760 ರೂಪಾಯಿ ಹೆಚ್ಚು. ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕ ಮಾಡಿ ನೋಡಿ. ಇದನ್ನು ಉಳಿಸಲು ಎರಡು ಪೀಪಾಯಿ ಇಟ್ಟು, ರಾತ್ರಿ ಹನ್ನೊಂದಕ್ಕೆ ಹಿಂದಿರುಗಿದ ಡ್ರೈವರು ಕತ್ತಲಲ್ಲಿ ಹಳೆಯದರ ಎಣ್ಣೆಯನ್ನು ಹೊಸದಕ್ಕೆ ಸುರಿದರೆ ಆಗುವ ನಷ್ಟ ಎಷ್ಟೆಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಎಚ್ಚರವಾಗಿರುವ ಮನೆಯವರು ಎರಡನ್ನೂ ಇಡಬಹುದು, ತಪ್ಪೇನಿಲ್ಲ. ಆಗ ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು ಬಣ್ಣ ಬಳಿದು, ಯಾವ ಗಾಡಿಗೆ ಯಾವುದೆಂದು ಪೀಪಾಯಿಯ ಮೇಲೆಯೇ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿಡಬೇಕು. ಸುರಿಯುವ ಕೊಳಗವೂ ಬೇರೆ ಬೇರೆ ಇರಲಿ.

ಮನೆಯಲ್ಲಿ ಜಾಲರಿ ಇರುವ ಗಾಡಿ ಒಂದೂ ಇಲ್ಲದವರು ಸಿ.ಕೆ.-4ಕ್ಕೆ ಹಣ ಸುರಿಯಬೇಕಾಗಿಲ್ಲ. ಪುಸ್ತಕ ಹೇಳಿದಂತೆ ಸಿ.ಐ.-4, ಇನ್ನೂ ಹಳೆಯವಕ್ಕೆ ಸಿ.ಎಚ್.-4 ಸಾಕು. ಟ್ರ್ಯಾಕ್ಟರುಗಳಲ್ಲಿ 50 ಅಶ್ವಶಕ್ತಿಗೆ ಮೇಲ್ಪಟ್ಟವಕ್ಕೆ 2023ರ ಜನವರಿ 1ರಿಂದ ಹೊಸ ಹೊಗೆ ನಿಯಮ ಬಂದಿದೆ, ಅಂತಹವನ್ನು ಕೊಂಡವರು ಪುಸ್ತಕ ನೋಡಿಯೇ ಎಣ್ಣೆ ತರಬೇಕು. ನಮ್ಮ ಸೀಮೆಯ ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಈ ತೊಡಕಿಲ್ಲ. ಟ್ರ್ಯಾಕ್ಟರಿನ ಹಿಂಭಾಗದ ಗೇರು, ಹೈಡ್ರಾಲಿಕ್, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಇವಕ್ಕೆ ಬೇರೆಯೇ ಎಣ್ಣೆಯುಂಟು. ಇಂಜಿನಿನದನ್ನು ಅಲ್ಲಿಗೆ ಹಾಕಿದರೆ ಬ್ರೇಕು ಕಿರುಗುಟ್ಟುವುದು. ನಿಧಾನವಾಗಿ ಓಡುವ ಹಳೆಯ ಪಂಪಿನ ಇಂಜಿನಿಗೆ ಅದರ ತಗಡಿನ ಮೇಲೆ ಕೆತ್ತಿರುವಂತೆ 30 ಅಥವಾ 40ರ ಒಂಟಿ ಅಂಕಿಯ ಎಣ್ಣೆ ಸಾಕು.

ಹೊಸ ಲಾರಿಯ ಮಾತು ಬಂದುದರಿಂದ ಒಂದು ಎಚ್ಚರಿಕೆ. ಇವುಗಳಲ್ಲಿ ಡಿ.ಇ.ಎಫ್. ಎಂಬ ಯೂರಿಯಾ ದ್ರಾವಣಕ್ಕೆ ಬೇರೆ ಟ್ಯಾಂಕಿರುತ್ತದೆ. ಅದು ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ, ಉಳಿದದ್ದು ಶುದ್ಧೀಕರಿಸಿದ ನೀರು. ಯೂರಿಯಾ ತಾನೇ, ಗೊಬ್ಬರದ ಮೂಟೆ ಮನೆಯಲ್ಲೇ ಇದೆ, ಬೋರಿನ ನೀರಿನಲ್ಲಿ ಕದಡಿ ಹಾಕೋಣ ಎನ್ನುವ ಜಾಣರಿದ್ದಾರೆ. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪವಿದೆ. ನಮ್ಮ ಬೋರಿನ ನೀರಿನಲ್ಲಿ ಉಪ್ಪಿದೆ. ಎರಡೂ ಸೇರಿ ಹೊಗೆ ಶುದ್ಧಿ ಮಾಡುವ ಯಂತ್ರವನ್ನೇ ಹಾಳುಮಾಡುವುವು.

ನಮ್ಮ ಮಣ್ಣಿನ ಧೂಳು

ಎಷ್ಟು ಒಳ್ಳೆಯ ಎಣ್ಣೆ ಹಾಕಿದರೂ ಅದನ್ನು ನಮ್ಮ ಸೀಮೆಯಲ್ಲಿ ಬೇಗ ಕೊಲ್ಲುವ ಶತ್ರು ಧೂಳು. ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗರಿಯ ದಂಡೆಯ ಮರಳು ಗಾಳಿಗೆ ಎದ್ದು ದಿಬ್ಬವಾಗಿ ಹೊಲಕ್ಕೆ ನುಗ್ಗುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಓಬಳಾಪುರದ ಕಡೆ ಅದಿರಿನ ಲಾರಿಗಳು ಓಡುತ್ತಿದ್ದ ದಿನಗಳಲ್ಲಿ ರಸ್ತೆಯ ಕೆಂಪು ಪುಡಿ ಮರಗಳ ಎಲೆಯನ್ನೂ ಬಿಟ್ಟಿರಲಿಲ್ಲ. ಮರಳಿನ ಕಣ ಲೈನರಿನ ಕಬ್ಬಿಣಕ್ಕಿಂತ ಗಟ್ಟಿ. ಅದು ಎಣ್ಣೆಗೆ ಸೇರಿತೆಂದರೆ ಕೀಲೆಣ್ಣೆ ಸಾಣೆಯ ಎಣ್ಣೆಯಾಗುವುದು.

ಧೂಳು ಎಣ್ಣೆಗೆ ಹೇಗೆ ಸೇರುತ್ತದೆ? ಮುಖ್ಯವಾಗಿ ಗಾಳಿಯ ದಾರಿಯಿಂದ. ಲಾರಿಗಳಲ್ಲಿ ಸಾಮಾನ್ಯವಾಗಿದ್ದ 5.7 ಲೀಟರಿನ ಹಳೆಯ ಇಂಜಿನು ನಿಮಿಷಕ್ಕೆ 2,000 ಸುತ್ತು ತಿರುಗುವಾಗ, ಟರ್ಬೊ ಇಲ್ಲದಿದ್ದರೂ, ಹತ್ತಿರ ಹತ್ತಿರ 5,000 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಂಟೆಗೆ 3 ಲಕ್ಷ ಲೀಟರು! ಏರ್ ಫಿಲ್ಟರಿನ ಪಕ್ಕದ ರಬ್ಬರ್ ಕೊಳವೆಯಲ್ಲಿ ಬೆರಳು ತೂರುವಷ್ಟು ಸೀಳಿದ್ದರೂ ಆ ಗಾಳಿಯ ಒಂದು ಪಾಲು ಧೂಳಿನ ಸಮೇತ ನೇರವಾಗಿ ಸಿಲಿಂಡರಿಗೆ ಇಳಿದು, ರಿಂಗು ದಾಟಿ ಎಣ್ಣೆಗೆ ಬೀಳುತ್ತದೆ. ಎಣ್ಣೆಯ ಬೆಲೆಗೆ ಚೌಕಾಸಿ ಮಾಡುವವರು ಈ ಕೊಳವೆಯನ್ನೂ ಅದರ ಪಟ್ಟಿಯನ್ನೂ ವಾರಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವುದು ಮೇಲು. ಹಳೆಯ ಟ್ರ್ಯಾಕ್ಟರುಗಳ ಎಣ್ಣೆ ಬಟ್ಟಲಿನ ಫಿಲ್ಟರನ್ನು ಉಳುಮೆಯ, ಒಕ್ಕಣೆಯ ದಿನಗಳಲ್ಲಿ ದಿನಾ ಬೆಳಿಗ್ಗೆ ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಹೊಸ ಎಣ್ಣೆ ಹಾಕಬೇಕು. ಕಾಗದದ ಫಿಲ್ಟರನ್ನು ಪಂಕ್ಚರ್ ಅಂಗಡಿಯ ಗಾಳಿಯಿಂದ ಜೋರಾಗಿ ಊದಿಸಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬಿಡುತ್ತದೆ. ಎಣ್ಣೆ ಸುರಿಯುವಾಗಲೂ ಅಷ್ಟೆ, ಮುಚ್ಚಳದ ಸುತ್ತಲನ್ನು ಒರೆಸದೆ ಬಿಚ್ಚಿದರೆ ಮಣ್ಣು ಒಳಕ್ಕೆ ಹೋಗುವುದು.

ಬದಲಾಯಿಸುವ ಅವಧಿಯನ್ನು ಪುಸ್ತಕದಲ್ಲಿ ಎರಡು ಬಗೆಯಾಗಿ ಕೊಟ್ಟಿರುತ್ತಾರೆ, ಸಾಧಾರಣ ಓಟಕ್ಕೆ ಒಂದು, ಧೂಳು ಮತ್ತು ಭಾರದ ಓಟಕ್ಕೆ ಅದಕ್ಕಿಂತ ಕಡಿಮೆಯದೊಂದು. ಮರಳು, ಜಲ್ಲಿ, ಅದಿರು ಹೊರುವವರು, ಹೊಲದ ದಾರಿಯಲ್ಲಿ ಓಡಾಡುವವರು ಎರಡನೆಯದನ್ನೇ ಹಿಡಿಯಬೇಕು. ಹುಣಸೆ ಹೇರಿಕೊಂಡು ಹಿಂದೂಪುರದ ಮಂಡಿಯ ಮುಂದೆ ಇಂಜಿನು ಆರಿಸದೆ ಕಾಯುವ ಲಾರಿಗೆ ಮೀಟರಿನಲ್ಲಿ ಕಿಲೋಮೀಟರು ಏರದಿದ್ದರೂ ಎಣ್ಣೆ ಕೆಲಸ ಮಾಡಿರುತ್ತದೆ. ಆ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಟ್ರ್ಯಾಕ್ಟರಿಗೆ ಗಂಟೆಯ ಲೆಕ್ಕವೇ ಉಂಟು, ಅನೇಕ ಪುಸ್ತಕಗಳಲ್ಲಿ 250 ಗಂಟೆ ಎಂದಿರುತ್ತದೆ. ಎಣ್ಣೆಯನ್ನು ಇಂಜಿನು ಬಿಸಿಯಾಗಿರುವಾಗ ಇಳಿಸಿದರೆ ಕೊಳೆಯೂ ಜತೆಗೆ ಇಳಿಯುತ್ತದೆ. ಪ್ರತಿ ಸಲವೂ ಆಯಿಲ್ ಫಿಲ್ಟರನ್ನು ಬದಲಾಯಿಸಬೇಕು. ಮಟ್ಟ ನೋಡುವಾಗ ಗಾಡಿ ಸಮನೆಲದಲ್ಲಿರಲಿ, ಆರಿಸಿ ಹತ್ತು ನಿಮಿಷವಾಗಿರಲಿ. ಮೇಲಿನ ಗೆರೆಗಿಂತ ಹೆಚ್ಚು ತುಂಬಿದರೆ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುವುದು, ನೊರೆಗೆ ಭಾರ ತಡೆಯುವ ಶಕ್ತಿಯಿಲ್ಲ.

ನಕಲಿ ಎಣ್ಣೆಯ ಹಾವಳಿಯೂ ಉಂಟು. ಹೆಸರಾದ ಕಂಪೆನಿಯ ಖಾಲಿ ಡಬ್ಬಕ್ಕೆ ಸುಟ್ಟ ಎಣ್ಣೆಯನ್ನು ಸೋಸಿ ತುಂಬಿ ಮಾರುವುದು ಹಳೆಯ ದಂಧೆ. ಮುಚ್ಚಳದ ಸೀಲು, ತಯಾರಾದ ತಿಂಗಳು, ಬ್ಯಾಚ್ ನಂಬರು ನೋಡಿ, ರಸೀದಿ ಕೇಳಿ ಪಡೆಯಿರಿ. ಬೆಲೆ ಬೇರೆಡೆಗಿಂತ ತೀರ ಕಡಿಮೆಯಿದ್ದರೆ ಅನುಮಾನಪಡಿರಿ. ಖಾಲಿಯಾದ ಡಬ್ಬಕ್ಕೆ ಮೊಳೆಯಿಂದ ತೂತು ಮಾಡಿ ಆಮೇಲೆ ಗುಜರಿಗೆ ಕೊಡಿರಿ.

ಇಳಿಸಿದ ಸುಟ್ಟ ಎಣ್ಣೆಯನ್ನು ಬಾವಿಯ ಹತ್ತಿರವಾಗಲಿ ಹೊಲದ ಕಾಲುವೆಗಾಗಲಿ ಚೆಲ್ಲಬೇಡಿರಿ. ವರ್ಷಕ್ಕೆ 550 ಮಿಲಿಮೀಟರಿನಷ್ಟು ಮಳೆ ಕಾಣುವ ನಮ್ಮ ನೆಲದಲ್ಲಿ ಅದು ತೊಳೆದು ಹೋಗುವುದಿಲ್ಲ, ಇಂಗಿ ನೀರಿಗೆ ಸೇರುತ್ತದೆ. ಅದರಲ್ಲಿ ಬೇರಿಂಗಿನಿಂದ ಸವೆದ ಲೋಹವೂ ಇದೆ. ಕೈಗೆ ಹೆಚ್ಚು ಹತ್ತಿಸಿಕೊಳ್ಳುವುದೂ ಒಳ್ಳೆಯದಲ್ಲ. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಅದನ್ನು ಪುನಃ ಶುದ್ಧಿ ಮಾಡಲು ಪರವಾನಗಿ ಪಡೆದವರಿಗೆ ತಲುಪಿಸುವ ವರ್ಕ್‌ಶಾಪಿಗೆ ಒಪ್ಪಿಸತಕ್ಕದ್ದು.

ಇಂಜಿನಿನ ಪುಸ್ತಕ ಕಳೆದುಹೋದವರು ಗಾಡಿಯ ಹೆಸರು, ಮಾದರಿ, ತಯಾರಾದ ವರ್ಷ, ಇಂಜಿನಿನ ತಗಡಿನ ಮೇಲಿರುವ ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿದರೆ, ಯಾವ ಮಟ್ಟದ ಎಣ್ಣೆ ಬೇಕೆಂಬುದನ್ನು ವಿಚಾರಿಸಿ ಈ ಪುಟದಲ್ಲಿಯೇ ತಿಳಿಸುತ್ತೇವೆ.